‘ವೀರನಾರಯಣ’ ತಪ್ಪೇ? ಕವಿಯ ಸ್ವಾತಂತ್ರ್ಯಕ್ಕೂ ವ್ಯಾಕರಣಕ್ಕೂ ನಡುವಿನ ಲೆಕ್ಕ

ಗದುಗಿನ ಭಾರತದ ಮೊದಲ ಪದ್ಯದ ಕೊನೆಯ ಪದವೇ ವ್ಯಾಕರಣದ ಕಣ್ಣಿಗೆ ತಪ್ಪು.

ಶ್ರೀವನಿತೆಯರಸನೆ ವಿಮಲ ರಾ
ಜೀವಪೀಠನ ಪಿತನೆ ಜಗಕತಿ
ಪಾವನನೆ ಸನಕಾದಿ ಸಜ್ಜನನಿಕರದಾತಾರ
ರಾವಣಾಸುರಮಥನ ಶ್ರವಣಸು
ಧಾವಿನೂತನ ಕಥನಕಾರಣ
ಕಾವುದಾನತ ಜನವ ಗದುಗಿನ ವೀರನಾರಯಣ

ದೇವರ ಹೆಸರು ನಾರಾಯಣ. ಕುಮಾರವ್ಯಾಸ ಅದನ್ನು ‘ನಾರಯಣ’ ಮಾಡಿದ್ದಾನೆ. ತನ್ನ ಇಷ್ಟದೈವದ ಹೆಸರನ್ನೇ, ಕಾವ್ಯದ ನಾಂದಿಯಲ್ಲೇ. ಇವತ್ತು ಯಾರಾದರೂ ಹೊಸ ಕವಿ ಹೀಗೆ ಬರೆದು ತಂದರೆ ನಾವು ಮೊದಲು ಮಾಡುವ ಕೆಲಸ ಆ ‘ರ’ದ ಪಕ್ಕ ಒಂದು ದೀರ್ಘ ಹಾಕುವುದು. ಹಾಕಿದರೆ ಏನಾಗುತ್ತದೆ ಎಂದು ನೋಡೋಣ.

ಇದು ಭಾಮಿನಿ ಷಟ್ಪದಿ. ಹ್ರಸ್ವ ಅಕ್ಷರ ಲಘು, ಅದಕ್ಕೆ ಒಂದು ಮಾತ್ರೆ; ದೀರ್ಘ ಅಕ್ಷರ ಗುರು, ಅದಕ್ಕೆ ಎರಡು. 1, 2, 4, 5ನೇ ಸಾಲುಗಳು ಮೂರು, ನಾಲ್ಕು, ಮೂರು, ನಾಲ್ಕು ಮಾತ್ರೆಗಳ ಗಣಗಳಲ್ಲಿ ನಡೆದು 14ಕ್ಕೆ ನಿಲ್ಲುತ್ತವೆ. 3 ಮತ್ತು 6ನೇ ಸಾಲುಗಳಲ್ಲಿ ಅದೇ ನಡೆ ಒಂದೂವರೆ ಪಟ್ಟಾಗಿ, ಕೊನೆಗೊಂದು ಗುರು ಸೇರಿ 23 ಆಗುತ್ತದೆ. ಕೊನೆಯ ಸಾಲನ್ನು ಬಿಡಿಸಿದರೆ ಕಾವು, ದಾನತ, ಜನವ, ಗದುಗಿನ, ವೀರ, ನಾರಯ, ಣ. ಸಾಲಿನ ಕೊನೆಯ ‘ಣ’ ಲಘುವಾದರೂ ಗುರುವೆಂದೇ ಎಣಿಕೆ. ಸರಿಯಾಗಿ 23. ದೀರ್ಘ ಹಾಕಿ ‘ನಾರಾಯಣ’ ಎಂದು ತಿದ್ದಿದ ಕೂಡಲೇ 24 ಆಗುತ್ತದೆ. ಕೇವಲ ಒಂದು ಮಾತ್ರೆ ಹೆಚ್ಚು ಅನ್ನಿಸಬಹುದು. ಕಾವ್ಯವನ್ನು ರಾಗವಾಗಿ ಓದುವ ಗಮಕಿಯೊಬ್ಬರ ಪಕ್ಕ ಕೂತು ಕೇಳಿದರೆ ಗೊತ್ತಾಗುತ್ತದೆ, ಸಾಲು ಅಲ್ಲಿಯವರೆಗೆ ಹರಿದು ಬಂದು ಕೊನೆಯ ಹೆಜ್ಜೆಯಲ್ಲಿ ಎಡವುತ್ತದೆ.

ಅದೇ ಪದ್ಯದಲ್ಲಿ ಇನ್ನೂ ಎರಡು ಬಗೆಯಲ್ಲಿ ಕವಿ ನಿಯಮದೊಡನೆ ವ್ಯವಹಾರ ನಡೆಸಿದ್ದಾನೆ. ‘ರಾಜೀವ’ ಎಂಬ ಪದವನ್ನು ‘ರಾ’ ಎಂದು ಮೊದಲ ಸಾಲಿನ ತುದಿಯಲ್ಲಿ ಬಿಟ್ಟು, ‘ಜೀವ’ ಎಂದು ಎರಡನೆಯ ಸಾಲಿಗೆ ಎತ್ತಿಕೊಂಡಿದ್ದಾನೆ. ‘ಶ್ರವಣಸುಧಾ’ ಕೂಡ ಹಾಗೆಯೇ ತುಂಡಾಗಿದೆ. ಕಾರಣ ಆದಿಪ್ರಾಸ. ಆರೂ ಸಾಲುಗಳ ಎರಡನೆಯ ಅಕ್ಷರ ‘ವ’ಕಾರವೇ ಆಗಬೇಕು, ಪದ ತುಂಡಾದದ್ದರಿಂದ ಆಗಿದೆ. ಇನ್ನೊಂದು ಕಡೆ ‘ಮಥನ ಶ್ರವಣಸು’ ಎಂಬಲ್ಲಿ ಒತ್ತಕ್ಷರದ ಹಿಂದಿನ ‘ನ’ ನಿಯಮದ ಪ್ರಕಾರ ಗುರುವಾಗಬೇಕು. ಗುರು ಎಂದರೆ ಆ ಸಾಲು 15 ಮಾತ್ರೆ. ಓದುವಾಗ ‘ಶ್ರ’ವನ್ನು ತೇಲಿಸುತ್ತೇವೆ, ‘ನ’ ಲಘುವಾಗಿಯೇ ಉಳಿಯುತ್ತದೆ, ಲೆಕ್ಕ 14ಕ್ಕೆ ಬರುತ್ತದೆ. ಹೀಗೆ ತೇಲಿಸುವುದು ಕನ್ನಡದ ಕಿವಿಗೆ ಹಳೆಯ ಅಭ್ಯಾಸ. ‘ಅಮರ್ದು’, ‘ಬರ್ದುಂಕು’ ಮೊದಲಾದ ಹಳಗನ್ನಡ ಪದಗಳಲ್ಲಿ ಒತ್ತು ಸಡಿಲವಾಗಿರುವುದನ್ನು ಗುರುತಿಸಿ, ವ್ಯಾಕರಣಕಾರ ಕೇಶಿರಾಜ ಅದಕ್ಕೆ ಶಿಥಿಲದ್ವಿತ್ವ ಎಂದು ವ್ಯಾಕರಣದೊಳಗೇ ಜಾಗ ಕೊಟ್ಟಿದ್ದಾನೆ.

ಆರು ಸಾಲಿನಲ್ಲಿ ಮೂರು ಬಗೆಯ ಸಡಿಲಿಕೆ, ಮೂರಕ್ಕೂ ಬೇರೆ ಬೇರೆ ಕಾರಣ. ಕವಿತೆಯನ್ನು ವಿಮರ್ಶಿಸುವಾಗ ‘ಇದು ಕವಿಯ ಸ್ವಾತಂತ್ರ್ಯ’ ಎಂದು ಒಬ್ಬರು, ‘ವ್ಯಾಕರಣ ವ್ಯಾಕರಣವೇ’ ಎಂದು ಇನ್ನೊಬ್ಬರು ಪಟ್ಟು ಹಿಡಿದಾಗ ಕಳೆದುಹೋಗುವುದು ಈ ವಿವರವೇ. ಯಾವ ನಿಯಮ ಮುರಿಯಿತು, ಮುರಿದದ್ದಕ್ಕೆ ಕವಿತೆಗೆ ಸಿಕ್ಕಿದ್ದೇನು? ಇದನ್ನು ಕೇಳದೆ ಎರಡೂ ಕಡೆಯವರು ಹೇಳುವ ತೀರ್ಪು ಅರ್ಧ ತೀರ್ಪು.

ನಿಯಮ ಎಲ್ಲಿಂದ ಬಂತು?

ವ್ಯಾಕರಣವನ್ನು ಕವಿಗಳ ಮೇಲೆ ಕಾವಲಿಗೆ ನಿಂತ ಅಧಿಕಾರಿಯಂತೆ ಕಾಣುವುದು ನಮ್ಮ ಶಾಲೆಗಳು ಕಲಿಸಿದ ರೂಢಿ. ಹಳಗನ್ನಡದ ದೊಡ್ಡ ವ್ಯಾಕರಣಕಾರ ಹಾಗೆ ಯೋಚಿಸಿರಲಿಲ್ಲ. 13ನೇ ಶತಮಾನದ ಕೇಶಿರಾಜ ‘ಶಬ್ದಮಣಿದರ್ಪಣ’ದ ಆರಂಭದಲ್ಲಿ ಗಜಗ, ಗುಣನಂದಿ, ಅಸಗ, ಗುಣವರ್ಮ, ಶ್ರೀವಿಜಯ, ಪೊನ್ನ, ಪಂಪ ಮೊದಲಾದ ಕವಿಗಳ ಹೆಸರು ಹೇಳಿ, ಇವರ ಸುಮಾರ್ಗವೇ ತನ್ನ ಕೃತಿಗೆ ಲಕ್ಷ್ಯ ಎನ್ನುತ್ತಾನೆ. ಕವಿಗಳು ಬಳಸಿದ ಭಾಷೆ ಲಕ್ಷ್ಯ. ಅದನ್ನು ನೋಡಿ ಬರೆದದ್ದು ಲಕ್ಷಣ. ಒಂದೊಂದು ಸೂತ್ರಕ್ಕೂ ಆತ ಕವಿಪ್ರಯೋಗಗಳನ್ನೇ ಸಾಕ್ಷಿಗೆ ಕರೆಯುತ್ತಾನೆ.

ಹಾಗೆಂದು ಕೇಶಿರಾಜ ಸಡಿಲ ಮನುಷ್ಯನಲ್ಲ. ‘ೞ’ಕಾರ ಜನರ ಬಾಯಿಂದ ಜಾರಿಹೋಗುತ್ತಿದ್ದ ಕಾಲದಲ್ಲಿ ಆ ಅಕ್ಷರವಿರುವ ಪದಗಳನ್ನು ಪಟ್ಟಿಮಾಡಿ ಉಳಿಸಿದವನು ಆತ. ಸಂಸ್ಕೃತ ಪದಕ್ಕೂ ಕನ್ನಡ ಪದಕ್ಕೂ ಸಮಾಸ ಮಾಡಬಾರದು, ಮಾಡಿದರೆ ಅರಿಸಮಾಸ ಎಂಬ ನಿಯಮವನ್ನು ಆತ ಬಿಗಿಯಾಗಿಯೇ ಹೇಳುತ್ತಾನೆ. ‘ಕ್ಷೀರಸಾಗರ’ ಸರಿ, ‘ಹಾಲ್ಗಡಲು’ ಸರಿ, ‘ಹಾಲುಸಾಗರ’ ಕೂಡದು. ಆತನಿಗಿಂತ ಮುಂಚೆಯೇ, 1112ರಲ್ಲಿ, ನಯಸೇನ ‘ಧರ್ಮಾಮೃತ’ದಲ್ಲಿ ‘ತಕ್ಕುದೆ ಬೆರಸಲ್ಕೆ ಘೃತಮುಮಂ ತೈಲಮುಮಂ’ ಎಂದು ಕೇಳಿದ್ದ. ತುಪ್ಪಕ್ಕೆ ಎಣ್ಣೆ ಬೆರೆಸುವುದೇ ಎಂದು. ಇಷ್ಟು ಬಿಗಿಯಾದ ನಿಯಮಕ್ಕೂ ಕೇಶಿರಾಜ ಬಾಗಿಲು ತೆರೆದಿಟ್ಟ. ಬಿರುದಾವಳಿಗಳಲ್ಲಿ, ಹಿಂದಿನ ಸತ್ಕವಿಗಳ ಪ್ರಯೋಗಗಳಲ್ಲಿ ಅರಿಸಮಾಸ ಬಂದರೆ ದೋಷವಲ್ಲ. ಅರಸರ ಬಿರುದುಗಳು ಜನರ ಬಾಯಲ್ಲಿ ಆಗಲೇ ನೆಲೆಯಾಗಿದ್ದವು. ಅವನ್ನು ತಿದ್ದಲು ಹೊರಡುವುದು ವ್ಯಾಕರಣದ ಕೆಲಸವಲ್ಲ ಎಂಬ ವಿವೇಕ ಅದು ಎಂದು ನಾನು ಓದಿಕೊಳ್ಳುತ್ತೇನೆ. ಮುಂದೆ ನಡುಗನ್ನಡದ ಕವಿಗಳು ಆ ಬಾಗಿಲನ್ನು ಪೂರ್ತಿ ತೆರೆದರು. ಶಬ್ದಮಣಿದರ್ಪಣವನ್ನು ಕೈಯಲ್ಲಿ ಹಿಡಿದು ಕುಮಾರವ್ಯಾಸನನ್ನು ತಿದ್ದಲು ಕೂತರೆ ಪುಟಗಟ್ಟಲೆ ಕೆಂಪಾಗುತ್ತದೆ. ಕೆಂಪಾದ ಪುಟದಿಂದ ನಮಗೆ ಕುಮಾರವ್ಯಾಸನ ಬಗ್ಗೆ ಏನೂ ತಿಳಿಯುವುದಿಲ್ಲ.

ಭಾಷೆಯ ನಿಯಮ ಬೇರೆ, ಛಂದಸ್ಸಿನ ನಿಯಮ ಬೇರೆ, ಬರೀ ಸಂಪ್ರದಾಯ ಬೇರೆ. ಆದಿಪ್ರಾಸ ಮೂರನೆಯ ಗುಂಪಿನದು, ಆದರೆ ಸಾವಿರ ವರ್ಷ ಅದು ಮೊದಲ ಗುಂಪಿನದೇ ಎಂಬಂತೆ ಆಳಿತು. ಮಂಜೇಶ್ವರದ ಗೋವಿಂದ ಪೈಗಳು 1911ರಲ್ಲಿ ಅದನ್ನು ಬಿಟ್ಟು ಬರೆದಾಗ ಪ್ರತಿಭಟನೆ ಬಂತು, ಕಾವ್ಯವೇ ಕೆಟ್ಟಿತು ಎಂಬ ಮಾತು ಬಂತು. ಕಾವ್ಯ ಕೆಡಲಿಲ್ಲ. ನವೋದಯದ ಅಷ್ಟೂ ಸಂಪತ್ತು ಆ ಬಿಡುಗಡೆಯ ನಂತರದ್ದು. ಇವತ್ತು ಆದಿಪ್ರಾಸವಿಲ್ಲವೆಂದು ಯಾರೂ ಕವಿತೆಯನ್ನು ತಳ್ಳಿಹಾಕುವುದಿಲ್ಲ. ಇದರಿಂದ ವಿಮರ್ಶಕರು ಕಲಿಯಬೇಕಾದದ್ದಿದೆ. ನಾವು ಕೈಗೆತ್ತಿಕೊಂಡ ನಿಯಮ ಕನ್ನಡದ ಜೀವಕ್ಕೆ ಸೇರಿದ್ದೋ, ನಮ್ಮ ಓದಿನ ರೂಢಿಗೆ ಸೇರಿದ್ದೋ ಎಂದು ಮೊದಲು ನೋಡಿಕೊಳ್ಳಬೇಕು.

ಮಾಷವನ್ನು ಮಷ ಮಾಡು

ಸಂಸ್ಕೃತದ ಪಂಡಿತರು ಕವಿಗಳನ್ನು ‘ನಿರಂಕುಶಾಃ ಕವಯಃ’ ಎಂದರು, ಅಂಕುಶವಿಲ್ಲದವರು. ಅದೇ ಬಾಯಲ್ಲಿ ಇನ್ನೊಂದು ಮಾತನ್ನೂ ಹೇಳಿದರು: ‘ಅಪಿ ಮಾಷಂ ಮಷಂ ಕುರ್ಯಾತ್ ಛಂದೋಭಂಗಂ ನ ಕಾರಯೇತ್’. ಮಾಷ ಎಂದರೆ ಉದ್ದು. ಬೇಕಾದರೆ ಅದನ್ನು ‘ಮಷ’ ಎಂದು ಕುಗ್ಗಿಸು, ಛಂದಸ್ಸನ್ನು ಮಾತ್ರ ಮುರಿಯಬೇಡ. ನಾರಾಯಣ ನಾರಯಣನಾದದ್ದು ಇದೇ ಲೆಕ್ಕದಲ್ಲಿ. ಈ ಎರಡನೆಯ ಮಾತನ್ನು ನಿಧಾನವಾಗಿ ಓದಿದರೆ ಅಲ್ಲಿರುವುದು ಬರೀ ರಿಯಾಯಿತಿಯಲ್ಲ. ಒಂದು ನಿಯಮವನ್ನು ಬಿಡಬಹುದು, ಏಕೆಂದರೆ ಅದಕ್ಕಿಂತ ದೊಡ್ಡದೊಂದನ್ನು ಉಳಿಸಬೇಕಾಗಿದೆ. ಉಳಿಸಲು ಏನೂ ಇಲ್ಲದವನಿಗೆ ಬಿಡುವ ಹಕ್ಕೂ ಇಲ್ಲ.

ಕಾಳಿದಾಸನನ್ನು ನೋಡಿ. ಕುಮಾರಸಂಭವದ ಮೂರನೆಯ ಸರ್ಗದಲ್ಲಿ ಮನ್ಮಥ ಧ್ಯಾನಸ್ಥ ಶಿವನನ್ನು ಕಾಣುವ ಸಾಲು: ‘ತ್ರಿಯಂಬಕಂ ಸಂಯಮಿನಂ ದದರ್ಶ’. ವ್ಯಾಕರಣದ ಸಂಧಿಯಂತೆ ಆ ಪದ ‘ತ್ರ್ಯಂಬಕಂ’ ಆಗಬೇಕು. ಹಾಗೆ ಮಾಡಿದರೆ ಹನ್ನೊಂದು ಅಕ್ಷರದ ಪಾದದಲ್ಲಿ ಹತ್ತೇ ಉಳಿಯುತ್ತವೆ. ಕವಿ ಸೋತನೇ? ಎಲ್ಲರೂ ಬಲ್ಲ ಮೃತ್ಯುಂಜಯ ಮಂತ್ರವನ್ನು ಎಣಿಸಿ ನೋಡಿ. ‘ತ್ರ್ಯಂಬಕಂ ಯಜಾಮಹೇ’ ಎಂದು ಬರೆದದ್ದನ್ನು ಬರೆದಂತೆ ಎಣಿಸಿದರೆ ಏಳು ಅಕ್ಷರ. ಅನುಷ್ಟುಪ್ಪಿನ ಪಾದಕ್ಕೆ ಎಂಟು ಬೇಕು. ‘ತ್ರಿಯಂಬಕಂ’ ಎಂದು ಬಿಡಿಸಿದಾಗಲೇ ಎಂಟಾಗುತ್ತದೆ. ಕಾಳಿದಾಸನ ‘ತಪ್ಪಿನ’ ಹಿಂದೆ ವೇದದ ಉಚ್ಚಾರ ನಿಂತಿದೆ.

ಇದು ಕನ್ನಡದಲ್ಲೂ ದಿನವೂ ನಡೆಯುವ ಸಂಗತಿ. ‘ಜಗಕ್ಕೆ’ ಬದಲು ‘ಜಗಕೆ’, ‘ಮನಕ್ಕೆ’ ಬದಲು ‘ಮನಕೆ’, ‘ಹಾರುತ್ತಿದೆ’ ಬದಲು ಬೇಂದ್ರೆಯವರ ಹಕ್ಕಿಯಂತೆ ‘ಹಾರುತಿದೆ’. ಹೊಸ ಓದುಗರು ಇವನ್ನು ಕವಿಗಳು ಕತ್ತರಿಸಿದ ಪದಗಳು ಎಂದುಕೊಳ್ಳುತ್ತಾರೆ. ಇವು ಭಾಷೆಯಲ್ಲಿ ಮೊದಲಿನಿಂದ ಇದ್ದ ಇನ್ನೊಂದು ರೂಪ. ಮೇಲಿನ ನಾಂದಿಪದ್ಯದ ‘ಜಗಕತಿ’ಯಲ್ಲೂ ಅದೇ ‘ಜಗಕೆ’ ಇದೆ. ಪದಕ್ರಮದ ವಿಷಯವೂ ಹೀಗೆಯೇ. ‘ಬಂದಳು ಅಮ್ಮ ಸಂತೆಯಿಂದ’ ಎಂದರೆ ಕನ್ನಡದಲ್ಲಿ ಯಾವ ನಿಯಮವೂ ಮುರಿಯುವುದಿಲ್ಲ. ವಿಭಕ್ತಿ ಪ್ರತ್ಯಯಗಳು ಯಾರು, ಎಲ್ಲಿಂದ ಎಂಬುದನ್ನು ಹೊತ್ತಿರುವಾಗ ಪದಗಳು ಜಾಗ ಬದಲಿಸಿದರೂ ಅರ್ಥ ಕದಲುವುದಿಲ್ಲ. ಕ್ರಿಯಾಪದ ಕೊನೆಗೆ ಬರಲಿಲ್ಲವೆಂದು ಕವಿತೆಯಲ್ಲಿ ತಪ್ಪು ಹುಡುಕುವವರು ಗದ್ಯದ ಅಭ್ಯಾಸವನ್ನು ವ್ಯಾಕರಣವೆಂದು ತಿಳಿದಿರುತ್ತಾರೆ.

ಕಾಳಿದಾಸನ ಇನ್ನೊಂದು ಪ್ರಯೋಗ ನನಗೆ ಇನ್ನೂ ಹೆಚ್ಚು ಇಷ್ಟ. ರಘುವಂಶದ ಒಂಬತ್ತನೆಯ ಸರ್ಗದಲ್ಲಿ ದಶರಥನ ಬೇಟೆ. ಮೇಲೆರಗುವ ಕಾಡುಕೋಣದ ಕಣ್ಣಿಗೆ ಬಿಟ್ಟ ಬಾಣ ಅದರ ದೇಹವನ್ನು ಸೀಳಿಕೊಂಡು ಆಚೆ ಹೋಗುತ್ತದೆ, ಬಾಣದ ಬುಡಕ್ಕೆ ರಕ್ತವೂ ಅಂಟಿಲ್ಲ. ‘ತಂ ಪಾತಯಾಂ ಪ್ರಥಮಮಾಸ ಪಪಾತ ಪಶ್ಚಾತ್’. ಮೊದಲು ಅದನ್ನು ಬೀಳಿಸಿತು, ಆಮೇಲೆ ತಾನು ಬಿತ್ತು. ‘ಪಾತಯಾಮಾಸ’ ಎಂಬುದು ಒಂದೇ ಕ್ರಿಯಾಪದ. ಅದರ ಎರಡು ಭಾಗಗಳು ಒಂದರ ಬೆನ್ನಿಗೆ ಒಂದು ಬರಬೇಕೆಂಬುದು ವೈಯಾಕರಣರ ಕಟ್ಟಳೆ. ಕಾಳಿದಾಸ ನಡುವೆ ‘ಪ್ರಥಮಂ’ ಎಂಬ ಪದವನ್ನು ತೂರಿಸಿದ್ದಾನೆ. ಛಂದಸ್ಸಿಗೆ ಬೇಕಿತ್ತು ಎನ್ನಬಹುದು. ಆದರೆ ಸಾಲನ್ನು ಜೋರಾಗಿ ಓದಿ. ಬಾಣ ಕೋಣದ ಮೈಯನ್ನು ಸೀಳಿದಂತೆ ಒಂದು ಪದ ಕ್ರಿಯಾಪದದ ಮೈಯನ್ನು ಸೀಳಿಕೊಂಡು ಹೋಗಿದೆ, ಕ್ರಿಯಾಪದ ಬಿದ್ದು ಮುಗಿಯುವ ಮೊದಲೇ. ಕವಿ ಇದನ್ನು ಯೋಚಿಸಿ ಮಾಡಿದನೋ ಇಲ್ಲವೋ, ಓದುವವನ ಕಿವಿಗೆ ಅದು ಆಗುತ್ತದೆ. ಛಂದಸ್ಸನ್ನು ಉಳಿಸಿದ್ದು ಒಂದು ಲಾಭ, ಅರ್ಥವನ್ನು ಬೆಳೆಸಿದ್ದು ಅದಕ್ಕಿಂತ ದೊಡ್ಡ ಲಾಭ.

ಕುಡುಕ ರತ್ನನ ವ್ಯಾಕರಣ

ಕಾವ್ಯಮೀಮಾಂಸಕರು ದೋಷಗಳ ದೊಡ್ಡ ಪಟ್ಟಿಗಳನ್ನೇ ಮಾಡಿದ್ದಾರೆ. 11ನೇ ಶತಮಾನದ ಕಾಶ್ಮೀರದ ಮಮ್ಮಟ ಕಾವ್ಯಪ್ರಕಾಶದ ಏಳನೆಯ ಉಲ್ಲಾಸವನ್ನು, ಅಂದರೆ ಅಧ್ಯಾಯವನ್ನು, ದೋಷಗಳಿಗೇ ಮೀಸಲಿಟ್ಟ. ವ್ಯಾಕರಣ ತಪ್ಪುವುದಕ್ಕೆ ಅಲ್ಲಿ ಚ್ಯುತಸಂಸ್ಕೃತಿ ಎಂದು ಹೆಸರು. ಕಿವಿಗೆ ಒರಟಾಗುವುದು ಶ್ರುತಿಕಟು. ಪಟ್ಟಿ ಮುಗಿಸುವಾಗ ಆತ ಹೇಳುವ ಮಾತು ಪಟ್ಟಿಗಿಂತ ಬೆಲೆಯುಳ್ಳದ್ದು. ಹೇಳುವವನು ಯಾರು ಎಂಬುದೇ ಮೊದಲಾದ ಔಚಿತ್ಯದಿಂದ ದೋಷವೂ ಒಮ್ಮೊಮ್ಮೆ ಗುಣವಾಗುತ್ತದೆ, ಒಮ್ಮೊಮ್ಮೆ ಗುಣವೂ ಅಲ್ಲ ದೋಷವೂ ಅಲ್ಲ. ಶೃಂಗಾರದಲ್ಲಿ ಚುಚ್ಚುವ ಒರಟು ಅಕ್ಷರಗಳು ರೌದ್ರದಲ್ಲಿ ಶೋಭಿಸುತ್ತವೆ. ಇನ್ನೂ ಮುಂದೆ ಹೋಗಿ ‘ಅನುಕರಣೇ ತು ಸರ್ವೇಷಾಂ’ ಎನ್ನುತ್ತಾನೆ. ಬೇರೊಬ್ಬರ ಮಾತನ್ನು ಅನುಕರಿಸುವಾಗ ಯಾವ ದೋಷವೂ ದೋಷವಲ್ಲ.

ಜಿ.ಪಿ. ರಾಜರತ್ನಂ ಅವರ ‘ರತ್ನನ ಪದಗಳು’ ಈ ಮಾತಿಗೆ ಕನ್ನಡದ ಅತ್ಯುತ್ತಮ ಸಾಕ್ಷಿ. ಅಲ್ಲಿ ಹೆಂಡ ‘ಯೆಂಡ’ವಾಗುತ್ತದೆ, ಹೆಂಡತಿ ‘ಯೆಂಡ್ತಿ’ಯಾಗುತ್ತಾಳೆ. ಶಿಷ್ಟ ಕನ್ನಡದ ಅಳತೆಗೋಲಿಟ್ಟರೆ ಪದಕ್ಕೊಂದು ತಪ್ಪು. ಮಾತಾಡುತ್ತಿರುವವನು ರತ್ನ. ಅವನ ನಾಲಗೆಯಲ್ಲಿ ‘ಹ’ಕಾರ ಹೊರಳುವುದಿಲ್ಲ, ಮತ್ತು ಆ ನಡೆ ಪದದಿಂದ ಪದಕ್ಕೆ ಬದಲಾಗುವುದಿಲ್ಲ. ಆ ಕವಿತೆಗಳಿಗೆ ಅವುಗಳದೇ ವ್ಯಾಕರಣವಿದೆ. ರತ್ನ ಇದ್ದಕ್ಕಿದ್ದಂತೆ ‘ಹೃದಯಾಂತರಾಳ’ ಎಂದು ಅಚ್ಚುಕಟ್ಟಾಗಿ ಉಚ್ಚರಿಸಿದ್ದರೆ ಅದೇ ತಪ್ಪಾಗುತ್ತಿತ್ತು.

ಬೇಂದ್ರೆಯವರ ಧಾರವಾಡದ ಕನ್ನಡವನ್ನು ಇದರ ಜೊತೆ ಸೇರಿಸಬಾರದು. ‘ಹೀಂಗ’, ‘ಬ್ಯಾಡ’ ಅನುಕರಣೆಯೂ ಅಲ್ಲ, ಮುರಿದ ಕನ್ನಡವೂ ಅಲ್ಲ. ಅದು ಒಂದು ನಾಡಿನ ಪೂರ್ತಿ ವ್ಯಾಕರಣವುಳ್ಳ ನುಡಿ. ಮೈಸೂರಿನ ಪಠ್ಯಪುಸ್ತಕದ ರೂಪವನ್ನು ಕನ್ನಡವೆಂದೂ ಉಳಿದದ್ದನ್ನು ಸಡಿಲಿಕೆಯೆಂದೂ ಓದುವುದು ವಿಮರ್ಶೆಯಲ್ಲಿ ಆಗುವ ಅನ್ಯಾಯ. ಕುಂದಾಪುರದ, ಕಲಬುರಗಿಯ, ಚಾಮರಾಜನಗರದ ಹೊಸ ಕವಿಗಳು ಅದನ್ನು ಈಗಲೂ ಅನುಭವಿಸುತ್ತಿದ್ದಾರೆ. ಅಲ್ಲಿ ಕೇಳಬೇಕಾದ ಪ್ರಶ್ನೆ ಒಂದೇ. ಆ ನುಡಿಯನ್ನು ಆಡುವ ಊರಿನವರ ಕಿವಿಗೆ ಈ ಸಾಲು ಸರಿಯೇ?

ತಪ್ಪು ಬರೀ ತಪ್ಪಾಗಿರುವಾಗ

ಇಷ್ಟು ಹೇಳಿದ ಮೇಲೆ ಗಟ್ಟಿಯಾಗಿ ಹೇಳಬೇಕಾದ ಇನ್ನೊಂದು ಮಾತಿದೆ. ಸ್ವಾತಂತ್ರ್ಯದ ಹೆಸರಿನಲ್ಲಿ ನಮ್ಮ ಮುಂದೆ ಬರುವ ಬಹುಪಾಲು ತಪ್ಪುಗಳು ಕುಮಾರವ್ಯಾಸನ ಜಾತಿಗೆ ಸೇರಿದವಲ್ಲ.

‘ನಿನ್ನ ನೆನಪು ಕಾಡುತ್ತವೆ’ ಎಂಬ ಸಾಲು ಬಂದಿತೆನ್ನಿ. ನೆನಪು ಏಕವಚನ, ಕ್ರಿಯಾಪದ ಬಹುವಚನ. ಛಂದಸ್ಸಿಗಾಗಿ ಎಂದು ಕವಿ ಹೇಳಬಹುದು. ಸರಿಯಾದ ರೂಪವನ್ನು ಅದೇ ಜಾಗದಲ್ಲಿ ಇಟ್ಟು ಎಣಿಸಿ. ‘ಕಾಡುತ್ತವೆ’ ಆರು ಮಾತ್ರೆ, ‘ಕಾಡುತ್ತದೆ’ಯೂ ಆರು ಮಾತ್ರೆ. ಮುರಿದದ್ದರಿಂದ ಏನೂ ಸಿಗಲಿಲ್ಲ. ‘ಹೃದಯ’ವನ್ನು ‘ಹ್ರದಯ’ ಎಂದು ಬರೆದರೂ ಅಷ್ಟೇ, ಲಯಕ್ಕೂ ಅರ್ಥಕ್ಕೂ ಕೂದಲೆಳೆಯ ಲಾಭವಿಲ್ಲ. ಇಂಥವನ್ನು ಸದ್ದಿಲ್ಲದೆ ತಿದ್ದಬೇಕು, ತಿದ್ದಿಸಿಕೊಳ್ಳಬೇಕು. ಅದರ ಬಗ್ಗೆ ಸಿದ್ಧಾಂತ ಬೇಡ.

‘ನೀನು ಬರುವೆಯೆಂದು ಕಾದೆ, ನಿಮ್ಮ ದಾರಿ ನೋಡಿದೆ’ ಎಂಬುದು ಕಷ್ಟದ ಪ್ರಕರಣ. ನೀನು ಎಂದು ಶುರುವಾಗಿ ನಿಮ್ಮ ಎಂದು ಮುಗಿದಿದೆ. ಕೈತಪ್ಪಿ ಆಗಿದ್ದರೆ ದೋಷ. ಆದರೆ ಕವಿತೆ ಹತ್ತಿರದವರು ದೂರವಾದ ಕಥೆಯನ್ನು ಹೇಳುತ್ತಿದ್ದರೆ? ಕಾಯುವುದಕ್ಕೂ ದಾರಿ ನೋಡುವುದಕ್ಕೂ ನಡುವೆ ಸಲಿಗೆ ಕರಗಿ ಬಹುವಚನದ ದೂರ ಬಂದಿದೆ. ಆಗ ಅದನ್ನು ತಿದ್ದಿದರೆ ಕವಿತೆಯ ಎದೆಯನ್ನೇ ಕಿತ್ತಂತೆ. ಒಂದು ಸಾಲನ್ನು ಎತ್ತಿಕೊಂಡು ಇದನ್ನು ತೀರ್ಮಾನಿಸಲು ಬರುವುದಿಲ್ಲ. ಉಳಿದ ಕವಿತೆ ಆ ಬದಲಾವಣೆಗೆ ಸಾಕ್ಷಿ ಹೇಳಬೇಕು. ಹೇಳದಿದ್ದರೆ ‘ನಾನು ಬೇಕೆಂದೇ ಹಾಗೆ ಬರೆದೆ’ ಎಂಬ ಕವಿಯ ವಿವರಣೆ ಕವಿತೆಯ ಹೊರಗೆ ಉಳಿಯುತ್ತದೆ.

ಮುಕ್ತಛಂದದಲ್ಲಿ ಬರೆಯುವವರಿಗೆ ಸ್ವಾತಂತ್ರ್ಯ ಹೆಚ್ಚು ಎಂಬ ನಂಬಿಕೆ ಸಾಮಾನ್ಯ. ಪದರೂಪದ ಮಟ್ಟಿಗೆ ನನಗೆ ಅದು ತಿರುಗುಮುರುಗಾಗಿ ಕಾಣುತ್ತದೆ. ಮಾತ್ರೆಯ ಕಟ್ಟು ಇದ್ದವನಿಗೆ ಮಾಷವನ್ನು ಮಷ ಮಾಡಲು ಕಾರಣವಿತ್ತು. ಕಟ್ಟನ್ನು ಬಿಟ್ಟವನಿಗೆ ಆ ಕಾರಣವೂ ಹೋಯಿತು. ಅವನು ಪದ ಮುರಿದರೆ ಅರ್ಥಕ್ಕಾಗಿ, ದನಿಗಾಗಿ, ಹೇಳುವವನ ಸ್ವಭಾವಕ್ಕಾಗಿ ಮಾತ್ರ ಮುರಿಯಬೇಕು. ಇಲ್ಲಿ ಬಸವಣ್ಣನವರ ವಚನವನ್ನು ಎಲ್ಲರೂ ಅಡ್ಡ ತರುತ್ತಾರೆ: ‘ತಾಳಮಾನ ಸರಿಸವನರಿಯೆ, ಓಜೆ ಬಜಾವಣೆಯ ಲೆಕ್ಕವನರಿಯೆ, ಅಮೃತಗಣ ದೇವಗಣವನರಿಯೆ, ಕೂಡಲಸಂಗಮದೇವಾ ನಿನಗೆ ಕೇಡಿಲ್ಲವಾಗಿ ಆನು ಒಲಿದಂತೆ ಹಾಡುವೆ.’ ಅವರು ಅರಿಯೆ ಎಂದದ್ದು ತಾಳವನ್ನು, ಗಣವನ್ನು. ಕನ್ನಡವನ್ನಲ್ಲ. ಮೂರು ಸಲ ‘ಅರಿಯೆ’ ಎಂದು ಏರಿ ‘ಹಾಡುವೆ’ಯಲ್ಲಿ ಇಳಿಯುವ ಆ ವಾಕ್ಯದಲ್ಲಿ ಒಂದು ವಿಭಕ್ತಿಯೂ ಆಚೀಚೆಯಾಗಿಲ್ಲ. ಛಂದಸ್ಸನ್ನು ಬಿಟ್ಟವರು ವಾಕ್ಯವನ್ನು ಎಷ್ಟು ಬಿಗಿಯಾಗಿ ಹಿಡಿಯಬೇಕು ಎಂಬುದನ್ನು ಆ ವಚನವೇ ಮಾಡಿ ತೋರಿಸಿದೆ.

9ನೇ ಶತಮಾನದ ಆನಂದವರ್ಧನ ಧ್ವನ್ಯಾಲೋಕದಲ್ಲಿ ದೋಷಗಳನ್ನು ಇನ್ನೊಂದು ರೀತಿಯಲ್ಲಿ ಎರಡು ಪಾಲು ಮಾಡುತ್ತಾನೆ. ವ್ಯುತ್ಪತ್ತಿಯ ಕೊರತೆಯಿಂದ, ಅಂದರೆ ತಿಳಿವಳಿಕೆ ಸಾಲದೆ ಬಂದ ದೋಷವನ್ನು ಕವಿಯ ಶಕ್ತಿ ಮುಚ್ಚಿಬಿಡುತ್ತದೆ. ಶಕ್ತಿಯ ಕೊರತೆಯಿಂದ ಬಂದದ್ದು ಥಟ್ಟನೆ ಕಾಣಿಸುತ್ತದೆ. ಹೊಸಬರ ಕವಿತೆಯನ್ನು ನೋಡುವಾಗ ಈ ವಿಂಗಡಣೆ ನನಗೆ ದಿನವೂ ಉಪಯೋಗಕ್ಕೆ ಬರುತ್ತದೆ. ಕಾಗುಣಿತ ತಪ್ಪಿದ್ದರೂ ಎದ್ದು ನಿಲ್ಲುವ ಸಾಲುಗಳಿರುತ್ತವೆ. ಅಲ್ಲಿ ವಿಮರ್ಶೆ ಮೊದಲು ಆ ಸಾಲಿನ ಬಗ್ಗೆ ಮಾತಾಡಬೇಕು, ಕಾಗುಣಿತ ಕೊನೆಗೆ. ವ್ಯಾಕರಣ ತೊಳೆದಿಟ್ಟಂತಿದ್ದು ಒಳಗೆ ಏನೂ ಇಲ್ಲದ ಕವಿತೆಗಳೂ ಬರುತ್ತವೆ. ತಪ್ಪಿಲ್ಲವೆಂಬ ಕಾರಣಕ್ಕೆ ಅವನ್ನು ಹೊಗಳಿದರೆ ಬರೆದವರಿಗೆ ದ್ರೋಹ ಮಾಡಿದಂತೆ.

ಕೆಂಪು ಗೆರೆ ಎಳೆಯುವ ಮುನ್ನ ಮಾಡಬಹುದಾದ ಸಣ್ಣ ಕೆಲಸವೊಂದಿದೆ. ಕನ್ನಡ ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳ ಕನ್ನಡ ನಿಘಂಟು ಪದಗಳ ಅರ್ಥದ ಜೊತೆಗೆ ಶಾಸನಗಳಿಂದ, ಕಾವ್ಯಗಳಿಂದ ಪ್ರಯೋಗಗಳನ್ನೂ ಕೊಡುತ್ತದೆ. ನಮಗೆ ವಿಚಿತ್ರವಾಗಿ ಕಂಡ ರೂಪವನ್ನು ಅಲ್ಲಿ ಹುಡುಕಬೇಕು. ಸಿಕ್ಕಿದರೆ ತಪ್ಪು ನಮ್ಮ ಓದಿನದು. ಸಿಗದಿದ್ದರೆ ಕವಿಯನ್ನು ‘ಇದು ನಿಮ್ಮ ಊರಿನ ಮಾತೇ?’ ಎಂದು ಕೇಳಬೇಕು. ಅಲ್ಲ ಎಂದರೆ ಸರಿಯಾದ ರೂಪವನ್ನು ಸಾಲಿನಲ್ಲಿಟ್ಟು ಇಬ್ಬರೂ ಸೇರಿ ಗಟ್ಟಿಯಾಗಿ ಓದಿ ನೋಡಬೇಕು.